ಕ್ಲಾಕ್ಸನ್ನಿಗೆ ಕಾಲು ಸುತ್ತು ವಾಪಸ್

ನನಗೀಗ ಹತ್ತೊಂಬತ್ತು. ರಿಟೈರಾಗಿ ಎರಡು ತಿಂಗಳಾಯ್ತು.

ನಗಬೇಡ ಮಗಾ. ಸೇರ್ದಾಗ ಹದಿನೈದು, ಬಿಟ್ಟಾಗ ಹತ್ತೊಂಬತ್ತು. ಶಿವಾಜಿನಗರದ ಹಾರ್ನ್ ರಿಪೇರಿ ಅಂಗಡೀಲಿ ನಾಲ್ಕು ವರ್ಷ ಅಂದ್ರೆ ಬ್ಯಾಂಕಲ್ಲಿ ನಲವತ್ತು ವರ್ಷ ಇದ್ದಂಗೆ. ನಂಬಿಕೆ ಬರ್ಲಿಲ್ಲ ಅಂದ್ರೆ ನನ್ನ ಎಡಗಿವೀಲಿ ಏನಾದ್ರೂ ಗುಟ್ಟು ಹೇಳಿ ನೋಡು. ನಿನ್ನ ಗುಟ್ಟನ್ನ ಅದು ಸಾಯೋವರೆಗೂ ಕಾಪಾಡುತ್ತೆ. ಯಾಕಂದ್ರೆ ಅದಕ್ಕೆ ಕೇಳ್ಸೋದೇ ಇಲ್ಲ.

ಇದನ್ನ ಬರೀತಿರೋದು ನಿನಗೆ. ನನ್ನ ಜಾಗಕ್ಕೆ ಬರೋನು ನೀನು. ಹೆಸರು ಗೊತ್ತಿಲ್ಲ, ಅದಕ್ಕೇ ಮಗಾ ಅಂತಿದ್ದೀನಿ. ನಮ್ಮ ಓನರ್ ಗಫೂರ್ ಸಾಹೇಬ್ರು ಹೇಳಿದ್ರು, "ಸೀನು, ಹೋಗೋಕ್ ಮುಂಚೆ ಗೊತ್ತಿರೋದೆಲ್ಲ ಬರ್ದಿಟ್ಟು ಹೋಗು. ಹೊಸಬ ಬಂದು ಮತ್ತೆ ಮೊದ್ಲಿಂದ ನನ್ನ ತಲೆ ತಿನ್ನೋದು ಬೇಡ" ಅಂತ. ಎರಡು ತಿಂಗಳು ತಡವಾಗಿ ಈಗ ಬರೆಯೋಕೆ ಕೂತಿದ್ದೀನಿ. ನನಗೆ ಗೊತ್ತಿರೋದೆಲ್ಲ ಬರೆಯೋಕೆ ಹೋದ್ರೆ ಒಂದು ಗಾಡಿ ಪೇಪರ್ ಬೇಕು. ಸಿಕ್ಕಿದ್ದು ಎಸ್ಸೆಸ್ಸೆಲ್ಸಿ ಫೇಲಾದಾಗ ಉಳಿದಿದ್ದ ಲೆಕ್ಕದ ನೋಟ್‌ಬುಕ್ಕು. ಮೊದಲ್ನೇ ನಾಲ್ಕು ಹಾಳೇಲಿ ಲೆಕ್ಕ ಇದೆ, ನೋಡಬೇಡ, ಒಂದೂ ಸರಿಯಿಲ್ಲ.

ಪ್ರಮೋಷನ್ ಬಗ್ಗೆ ಏನೂ ಬರೆಯಲ್ಲ. ಬೆಂಚಿನ ಕೆಳಗೆ ಕೂತಿದ್ದೆ, ಆಮೇಲೆ ಬೆಂಚಿನ ಮೇಲೆ ಕೂತೆ. ಅಷ್ಟೇ ಪ್ರಮೋಷನ್ನು.

ಅಂಗಡಿ ಅಂದ್ರೆ ಏನೋ ಅನ್ಕೊಂಡು ಬರಬೇಡ. ಎಡಕ್ಕೆ ಸೀಟ್ ಹೊಲಿಯೋನು, ಬಲಕ್ಕೆ ಪರೋಟ ಅಂಗಡಿ, ಮಧ್ಯೆ ಇರೋ ಸಂದೀಲಿ ನಾವು. ನಾನೂ ಸಾಹೇಬ್ರೂ ಒಟ್ಟಿಗೆ ಒಳಗಿದ್ರೆ ಒಬ್ರು ಉಸಿರು ಬಿಟ್ಟ ಮೇಲೆ ಇನ್ನೊಬ್ರು ಎಳ್ಕೋಬೇಕು. ಗೋಡೆ ತುಂಬ ಹಾರ್ನ್ ನೇತು ಹಾಕಿರ್ತಾರೆ. ರಬ್ಬರ್ ಬುರುಡೆ ಹಿಚುಕೋ ಹಾರ್ನು, ಬ್ಯಾಟರಿ ಹಾರ್ನು, ಲಾರಿ ಹಾರ್ನು, ಮಿಲಿಟರಿ ಗುಜರಿಯಿಂದ ಬಂದ ಹಾರ್ನು. ಗಾಳಿ ಜೋರಾಗಿ ಬೀಸಿದ್ರೆ ಬುರುಡೆಗಳು ಒಂದಕ್ಕೊಂದು ತಗುಲಿ ತಮ್ಮಷ್ಟಕ್ಕೆ ತಾವೇ ಪೊಯ್ಯಿ ಪೊಯ್ಯಿ ಅಂತ ಮಾತಾಡ್ಕೋತವೆ. ಮೊದಲ್ನೇ ವಾರ ಹೆದ್ರಿಕೆ ಆಗುತ್ತೆ. ಎರಡನೇ ವಾರ ನೀನೇ ಉತ್ತರ ಕೊಡೋಕೆ ಶುರು ಮಾಡ್ತೀಯ.

ಮೊದಲ್ನೇ ತಲೆನೋವು, ಹೆಸರು. ಬರೋ ಗಿರಾಕಿಗಳಲ್ಲಿ ಒಬ್ರೂ ಒಂದೇ ಹೆಸರು ಹೇಳಲ್ಲ ಗುರು! ಜಟಕಾದವರು ಬಂದ್ರೆ "ಭೋಂಪು ಕೆಟ್ಟೋಗಿದೆ" ಅಂತಾರೆ. ಹಲಸೂರು ಕಡೆ ತಮಿಳವರು ದೊಡ್ಡ ಹಾರ್ನಿಗೆ "ಸಂಗು" ಅಂತಾರೆ, ಶಂಖ ಅಂತ ಅರ್ಥ. ಹೊಸಕೋಟೆ ರೋಡಿನ ಲಾರಿಯವರು "ಪೋಂಪೋಂ". ವರ್ತೂರಿಂದ ಒಬ್ಬ ಗೌಡ್ರು ಟ್ರಾಕ್ಟರ್ ಹಾರ್ನ್ ಹಿಡ್ಕೊಂಡು ಬಂದು "ಏನಪ್ಪಾ, ನಮ್ಮ ಕೊಂಬು ಕೂಗ್ತಿಲ್ಲ" ಅಂದ್ರು. ನಾನು ಎತ್ತು ಎಲ್ಲಿ ಅಂತ ಬೀದಿ ಕಡೆ ನೋಡಿದೆ.

ಇದೆಲ್ಲ ಹೋಗ್ಲಿ ಅಂದ್ರೆ, ಮಿಲಿಟರಿ ಗುಜರಿಯಿಂದ ಬರೋ ಹ್ಯಾಂಡಲ್ ತಿರುಗಿಸೋ ಹಾರ್ನಿನ ಮೇಲೆ ಹಿತ್ತಾಳೆ ಪಟ್ಟಿ ಇರುತ್ತೆ. ಅದರ ಮೇಲೆ ಇಂಗ್ಲಿಷಲ್ಲಿ ಕ್ಲಾಕ್ಸನ್ ಅಂತ ಕೆತ್ತಿರ್ತಾರೆ. ನೋಡಿದೋರೆಲ್ಲ ಕೇಳೋ ಮೊದಲ್ನೇ ಪ್ರಶ್ನೆ, "ಕ್ಲಾಕ್ಸನ್ ಅಂದ್ರೇನಪ್ಪಾ?" ಹಾರ್ನ್ ತಗೊಳ್ಳೋಕೆ ಬಂದೋನೂ ಕೇಳ್ತಾನೆ, ಪರೋಟ ತಿನ್ನೋಕೆ ಬಂದೋನೂ ಕೈ ಒರೆಸ್ಕೊಂಡು ಬಂದು ಕೇಳ್ತಾನೆ. ನಾಲ್ಕು ವರ್ಷದಲ್ಲಿ ಒಂದು ಲಕ್ಷ ಸಲ ಕೇಳಿರಬೇಕು. ಸರಿ, ಒಂದು ಸಾವಿರ. ಆಯ್ತಪ್ಪಾ, ನೂರಂತೂ ಹೌದು.

ಸಾಹೇಬ್ರನ್ನ ಕೇಳಿದ್ರೆ, "ಕಂಪನಿ ಹೆಸರು ಬೇ. ಕೆಲ್ಸ ನೋಡು."

"ಕಂಪನಿ ಹೆಸರಿಗೂ ಒಂದು ಅರ್ಥ ಇರುತ್ತಲ್ಲ ಸಾಹೇಬ್ರೇ?"

"ನಿನ್ನ ಹೆಸರಿಗೆ ಏನರ್ಥ? ಹಂಗಂತ ನಾನು ಕೇಳಿದ್ನಾ?"

ಫ್ರೇಜರ್ ಟೌನಿಂದ ರೊಜಾರಿಯೋ ಅಂಕಲ್ ಅಂತ ಒಬ್ರು ಬರ್ತಾರೆ. ರೈಲು ಓಡಿಸಿ ರಿಟೈರಾದೋರು. ಅವರ ಹತ್ರ ಒಂದು ಹಳೇ ಕಾರಿದೆ, ಕಾರಿಗಿಂತ ಹಳೇ ಕ್ಲಾಕ್ಸನ್ ಇದೆ. ಕಾರು ವಾರಕ್ಕೆ ಎರಡು ದಿನ ಓಡುತ್ತೆ, ಕ್ಲಾಕ್ಸನ್ ಎರಡು ದಿನ ಕೂಗುತ್ತೆ, ಆದ್ರೆ ಎರಡೂ ಒಂದೇ ದಿನ ಆಗಿದ್ದು ನಾನು ನೋಡಿಲ್ಲ. ಇಂಗ್ಲಿಷ್ ಅವರ ಮನೆ ಮಾತು, ಇವರಿಗೆ ಗೊತ್ತಿಲ್ದೆ ಇನ್ಯಾರಿಗೆ ಅಂತ ಕೇಳಿದೆ.

"ಕ್ಲಾಕ್ಸನ್ ಈಸ್ ಕ್ಲಾಕ್ಸನ್, ಮ್ಯಾನ್," ಅಂದ್ರು.

"ಅದು ನನಗೂ ಗೊತ್ತು ಅಂಕಲ್."

"ಮತ್ತೆ ಯಾಕೆ ಕೇಳ್ತೀಯ?"

ನೋಡು ಮಗಾ, ಇಂಥವರ ಮಧ್ಯೆ ನಾಲ್ಕು ವರ್ಷ.

ಇನ್ನು ಸಾಹೇಬ್ರ ವಿಷಯ. ಅವರಿಗೆ ಎರಡೂ ಕಿವಿ ಸರಿಯಾಗಿ ಕೇಳ್ಸಲ್ಲ. ಊರಿಗೆಲ್ಲ ಹಾರ್ನ್ ಸರಿಮಾಡೋ ಮನುಷ್ಯನಿಗೆ ಹಾರ್ನೇ ಕೇಳ್ಸಲ್ಲ. ಅದಕ್ಕೆ ಹಾರ್ನ್ ಬಾಯಿಗೆ ಅಂಗೈ ಇಟ್ಟು ನೋಡ್ತಾರೆ. ಕಣ್ಣು ಮುಚ್ಕೊಂಡು, ಡಾಕ್ಟರು ಎದೆ ನೋಡೋ ಥರ. "ಸ್ಕ್ರೂ ಜಾಸ್ತಿ ಆಯ್ತು," "ತಗಡು ಸೀಳಿದೆ," ಅಂತ ಅಂಗೈಯಿಂದಾನೇ ಹೇಳ್ಬಿಡ್ತಾರೆ. ಒಂದ್ಸಲಾನೂ ತಪ್ಪಿಲ್ಲ. ಅದೇ ನನಗೆ ಸಿಟ್ಟು. ಎರಡು ಕಿವಿ ನೆಟ್ಟಗಿದ್ದಾಗ್ಲೂ ನಾನು ತಪ್ಪು ಮಾಡ್ತಿದ್ದೆ.

ನಮ್ಮ ಅಂಗಡೀಲಿ ಒಂದು ಪದ್ಧತಿ ಇದೆ. ರಿಪೇರಿ ಆದ ಹಾರ್ನನ್ನ ಗಿರಾಕಿ ಕೈಗೆ ಕೊಡೋಕ್ ಮುಂಚೆ ಬೀದಿಗೆ ಬಂದು ಮೂರು ಸಲ ಬಾರಿಸ್ಬೇಕು. ಗಿರಾಕಿ ತಲೆ ಆಡಿಸಿದ್ರೆ ಪಾಸು. ನಾನು ಸೇರಿದ ಹೊಸದರಲ್ಲಿ ಒಂದು ಕ್ಲಾಕ್ಸನ್ ಹಿಡ್ಕೊಂಡು ಬೀದಿಗೆ ಬಂದೆ. ಕಸ್ಟಮರ್ ಮುಂದೆ ಗತ್ತು ತೋರಿಸ್ಬೇಕಲ್ಲ, ಕಣ್ಣು ಮುಚ್ಕೊಂಡು ಹ್ಯಾಂಡಲ್ ತಿರುಗಿಸ್ದೆ. ಆಆ-ಊಊ-ಗಾ! ಕಣ್ಣು ಬಿಟ್ಟು ನೋಡಿದ್ರೆ ಎದುರಿಗೆ ನಿಂತಿದ್ದ ಜಟಕಾ ಕುದುರೆ ಇಲ್ಲ. ಜಟಕಾ ಇದೆ, ಜಟಕಾ ಓಡಿಸೋ ಸಾಬ್ರಿದ್ದಾರೆ, ಕೈಯಲ್ಲಿ ಲಗಾಮಿನ ತುಂಡಿದೆ, ಕುದುರೆ ಇಲ್ಲ. ಹಲಸೂರು ಕೆರೆ ಹತ್ರ ಸಿಕ್ತಂತೆ. ಸಾಬ್ರು ಅದನ್ನ ಹಿಡ್ಕೊಂಡು ಬಂದು ನನ್ನ ಮುಂದೆ ನಿಲ್ಲಿಸಿ, "ಇವ್ನ ಮುಖ ಚೆನ್ನಾಗಿ ನೋಡ್ಕೋ ಬೇಟಾ," ಅಂತ ಕುದುರೆಗೆ ಹೇಳಿದ್ರು. ಇವತ್ತಿಗೂ ಆ ಕುದುರೆ ನನ್ನ ಕಂಡ್ರೆ ರೋಡಿನ ಆ ಕಡೆ ಹೋಗುತ್ತೆ. ಸ್ವಲ್ಪ ಜಾಸ್ತಿ ಹೇಳ್ದೆ ಅನ್ಕೋ, ಆದ್ರೆ ಕುದುರೆ ಓಡಿದ್ದು ನಿಜ.

ಈಗ ಮುಖ್ಯವಾದ ವಿಷಯಕ್ಕೆ ಬರ್ತೀನಿ. ಉಳಿದಿದ್ದೆಲ್ಲ ಮರೆತ್ರೂ ಇದನ್ನ ಮರೀಬೇಡ.

ಬರೋ ಪ್ರತಿಯೊಬ್ಬ ಗಿರಾಕಿಗೂ ಒಂದೇ ಆಸೆ. ಇನ್ನೂ ಜೋರು. ಲಾರಿ ಪೆರುಮಾಳ್ ಅಂತ ಬರ್ತಾನೆ, ಅವನ ಹಾರ್ನ್ ಬಾರಿಸಿದ್ರೆ ಸೀಟ್ ಹೊಲಿಯೋನ ಸೂಜಿ ದಾರ ತಪ್ಪುತ್ತೆ. ಆದ್ರೂ "ಇನ್ನುಂ ಕೊಂಜಂ ಪಾ, ಇನ್ನುಂ ಕೊಂಜಂ" ಅಂತಾನೆ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ. ಎಷ್ಟು ಸ್ವಲ್ಪ ಕೊಟ್ರೂ ಸ್ವಲ್ಪಾನೇ ಸಾಲಲ್ಲ ಆ ಮನುಷ್ಯಂಗೆ.

ಕ್ಲಾಕ್ಸನ್ ಒಳಗೆ ಊದೋದು ಗೀದೋದು ಏನೂ ಇಲ್ಲ. ತೆಳ್ಳಗಿರೋ ಉಕ್ಕಿನ ತಗಡು, ತಗಡಿನ ನಡುವೆ ಅಂಗಿ ಗುಂಡಿ ಥರ ಉಬ್ಬಿರೋ ಒಂದು ಗುಂಡಿ. ಅದರ ಪಕ್ಕದಲ್ಲಿ ಹಲ್ಲಿರೋ ಚಕ್ರ. ಹ್ಯಾಂಡಲ್ ತಿರುಗಿಸಿದ್ರೆ ಚಕ್ರ ಗಿರಗಿರ ಸುತ್ತುತ್ತೆ, ಒಂದೊಂದು ಹಲ್ಲೂ ಗುಂಡಿಗೆ ತಗುಲ್ಕೊಂಡು ಹೋಗುತ್ತೆ, ತಗಡು ನಡುಗುತ್ತೆ, ಅದೇ ಶಬ್ದ. ಹಿಂದ್ಗಡೆ ಒಂದು ಸ್ಕ್ರೂ ಇದೆ. ಬಿಗಿ ಮಾಡಿದ್ರೆ ಗುಂಡಿ ಹಲ್ಲಿನ ಹತ್ರ ಬರುತ್ತೆ, ಶಬ್ದ ಜೋರಾಗುತ್ತೆ. ಇನ್ನೂ ಬಿಗಿ ಮಾಡಿದ್ರೆ ಇನ್ನೂ ಜೋರು. ಇನ್ನೂ ಬಿಗಿ ಮಾಡಿದ್ರೆ ಹಲ್ಲು ಗುಂಡಿ ಮೇಲೆ ಕಚ್ಕೊಂಡು ಕೂತ್ಬಿಡುತ್ತೆ. ಆಮೇಲೆ ನಿನ್ನ ಮುತ್ತಾತ ಬಂದು ತಿರುಗಿಸಿದ್ರೂ ತಿರುಗಲ್ಲ.

ತಮಾಷೆ ಏನಂದ್ರೆ, ಅಂಗಡೀಲಿ ಅದು ಕಚ್ಚಲ್ಲ. ಅಂಗಡೀಲಿ ರಾಗವಾಗಿ ಕೂಗುತ್ತೆ. ಬೆಳಗಿನ ಚಳೀಲಿ, ಧೂಳಲ್ಲಿ, ಬೇರೆಯವರ ಕೈಯಲ್ಲಿ ಕಚ್ಚುತ್ತೆ. ಅದಕ್ಕೇ ಸಾಹೇಬ್ರ ರೂಲು ಕಾಲು ಸುತ್ತು ವಾಪಸ್. ಗಿರಾಕಿ ಮುಂದೆ ಎಷ್ಟು ಜೋರು ಬೇಕೋ ಅಷ್ಟು ಬಿಗಿ ಮಾಡು, ಮೂರು ಸಲ ಬಾರಿಸು, ಖುಷಿಪಡಿಸು. ಆಮೇಲೆ ಬಟ್ಟೇಲಿ ಒರೆಸೋ ನೆಪದಲ್ಲಿ ಬೆನ್ನು ತಿರುಗಿಸಿ, ಸ್ಕ್ರೂನ ಕಾಲು ಸುತ್ತು ಹಿಂದಕ್ಕೆ ಬಿಟ್ಟು ಕೊಡು.

ನಾನು ಇದನ್ನ ಏನಂತ ತಿಳ್ಕೊಂಡಿದ್ದೆ ಗೊತ್ತಾ? ಗಿರಾಕಿಗೆ ಹಾಕೋ ಟೋಪಿ ಅಂತ. ಬೆನ್ನು ತಿರುಗಿಸಿ ಮಾಡೋ ಕೆಲ್ಸ ಇನ್ನೇನಾಗಿರುತ್ತೆ? ಆದ್ರೆ ಟೋಪಿ ಹಾಕೋದ್ರಲ್ಲಿ ನಾನು ಎತ್ತಿದ ಕೈ. ಒರೆಸೋ ಬಟ್ಟೆ ಒಳಗೆ ಗಿಡ್ಡ ಸ್ಕ್ರೂಡ್ರೈವರ್ ಬಚ್ಚಿಟ್ಕೊಂಡು ಎರಡೇ ಬೆರಳಲ್ಲಿ ಸ್ಕ್ರೂ ತಿರುಗಿಸ್ತಿದ್ದೆ, ಗಿರಾಕಿ ನನ್ನ ಮುಖಾನೇ ನೋಡ್ತಿದ್ರೂ ಗೊತ್ತಾಗ್ತಿರ್ಲಿಲ್ಲ. ರಾತ್ರಿ ಮನೇಲಿ ಊಟಕ್ಕೆ ಕೂತಾಗ್ಲೂ ಈ ಕಾಲು ಸುತ್ತಿಂದೇ ಬಡಾಯಿ ಕೊಚ್ತಿದ್ದೆ. ಜೇಬುಗಳ್ಳ ಆಗ್ಬೇಕಿತ್ತು ನಾನು, ದೇವರ ದಯೆ, ಎಸ್ಸೆಸ್ಸೆಲ್ಸಿ ಫೇಲಾಗಿ ಇಲ್ಲಿಗೆ ಬಂದೆ.

ಈಗ ನಮ್ಮಪ್ಪ ಬರ್ತಾರೆ.

ನಮ್ಮನೆ ಮರ್ಫಿ ಟೌನಲ್ಲಿ. ನಮ್ಮಪ್ಪ ಮುನಿಯಪ್ಪ, ಕೆ.ಆರ್. ಪುರದ ಹತ್ರ ಒಂದು ಫ್ಯಾಕ್ಟ್ರೀಲಿ ಗೇಟ್ ವಾಚ್‌ಮನ್. ನಮ್ಮ ತಾತ ರಾಗಿ ಬೆಳೀತಿದ್ದ ಹೊಲ ಅಲ್ಲೇ ಪಕ್ಕದಲ್ಲಿತ್ತು. ಈಗ ಅಲ್ಲಿ ಸೈಕಲ್ ಸ್ಟ್ಯಾಂಡಿದೆ. ಅಪ್ಪಂಗೆ ದನೀನೇ ಇಲ್ಲ. ಅಂದ್ರೆ ಮೂಗ ಅಲ್ಲ, ಮಾತಾಡ್ತಾರೆ, ಆದ್ರೆ ಸೊಳ್ಳೆ ಇನ್ನೊಂದು ಸೊಳ್ಳೆಗೆ ಕಷ್ಟ ಸುಖ ಹೇಳ್ಕೊಂಡಂಗೆ. ಬಸ್ಸಲ್ಲಿ "ಸ್ಟಾಪ್" ಅಂತ ಕೂಗೋಕಾಗದೆ ಎರಡು ಸ್ಟಾಪ್ ಮುಂದೆ ಇಳಿದು ನಡ್ಕೊಂಡು ಬರ್ತಾರೆ. ಅಮ್ಮ ಅಡುಗೆಮನೆಯಿಂದ, "ಏನಂದ್ರಿ? ಏನಂದ್ರೀ? ಅಯ್ಯೋ, ಕಾಗದದ ಮೇಲೆ ಬರ್ದು ಕಳ್ಸಿ!" ಅಂತಿರ್ತಾಳೆ. ನಾನು ಹಾರ್ನ್ ಅಂಗಡಿಗೆ ಸೇರಿದ್ದು ನಮ್ಮನೇಲಿ ಬಾಕಿ ಬಿದ್ದಿದ್ದ ಸದ್ದನ್ನೆಲ್ಲ ತೀರ್ಸೋಕೆ ಅನ್ಸುತ್ತೆ.

ಅಪ್ಪ ಆರು ವರ್ಷದಿಂದ ಟೆಂಪರರಿ. ಆರು ತಿಂಗಳಿಗೊಂದ್ಸಲ ಒಂದು ದಿನ ಮನೇಲಿ ಕೂರ್ಸಿ, ಮಾರನೇ ದಿನ ಹೊಸಬರ ಥರ ಮತ್ತೆ ಸೇರಿಸ್ಕೊಳ್ತಿದ್ರು. ಅದಕ್ಕೆ ಬ್ರೇಕ್ ಅಂತ ಹೆಸರು. ಬ್ರೇಕ್ ದಿನಾನೂ ಅಪ್ಪ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಖಾಕಿ ಹಾಕ್ಕೊಂಡು, ಬಾಗಿಲ ಹತ್ರ ಸ್ಟೂಲ್ ಹಾಕ್ಕೊಂಡು ಕೂರ್ತಿದ್ರು. ಸಂಜೆವರೆಗೂ ನಮ್ಮನೆ ಬಾಗಿಲಿಗೇ ವಾಚ್‌ಮನ್. ನಾನು ಅದನ್ನ ನೋಡಿ ನಗ್ತಿದ್ದೆ. ಅಮ್ಮ ನಗ್ತಿರ್ಲಿಲ್ಲ.

ಈ ಸಲ ಪರ್ಮನೆಂಟ್ ಮಾಡೋ ಕಾಗದ ಪರ್ಸನೆಲ್ ಆಫೀಸರ್ ರಾವ್ ಸಾರ್ ಟೇಬಲ್ ಮೇಲೆ ಬಂದಿತ್ತು. ಸರಿಯಾಗಿ ಅದೇ ಹೊತ್ತಿಗೆ ಫ್ಯಾಕ್ಟ್ರಿ ಸೈರನ್ನಿನ ಮೋಟ್ರು ಸುಟ್ಟೋಯ್ತು. ಆ ಫ್ಯಾಕ್ಟ್ರೀಲಿ ಸೈರನ್ ಇಲ್ದೆ ಯಾರೂ ಅಲ್ಲಾಡಲ್ಲ. ಜನ ಏಳು ಗಂಟೆಗೇ ಬಂದಿರ್ತಾರೆ, ಆದ್ರೆ ಒಳಗೆ ಹೋಗಲ್ಲ, ರೋಡಿನ ಆ ಕಡೆ ಟೀ ಅಂಗಡೀಲಿ ಕೂತಿರ್ತಾರೆ. ಏಳೂ ಇಪ್ಪತ್ತೈದಕ್ಕೆ ಮೊದಲ್ನೇ ಕೂಗು. ಆಗ ಗ್ಲಾಸ್ ಇಟ್ಟು ಎದ್ದೇಳ್ತಾರೆ. ಏಳೂವರೆಗೆ ಎರಡನೇ ಕೂಗು, ಗೇಟ್ ಬಂದ್. ಆಚೆ ಉಳಿದೋರಿಗೆ ಅರ್ಧ ದಿನ ಹೋಯ್ತು. ಮೊದಲ್ನೇ ಕೂಗಿಗಿಂತ ಮುಂಚೆ ಒಳಗೆ ಹೋಗೋನನ್ನ ಚಮಚ ಅಂತಾರೆ, ಹಂಗಾಗಿ ಯಾರೂ ಹೋಗಲ್ಲ.

ಮೋಟ್ರು ರಿಪೇರಿ ಆಗಿ ಬರೋವರೆಗೂ ಸ್ಟೋರಲ್ಲಿ ಬಿದ್ದಿದ್ದ ಹ್ಯಾಂಡಲ್ ಕ್ಲಾಕ್ಸನ್ ಹೊರಗೆ ತೆಗೆದ್ರು. ಅದು ಕೆಮ್ಮುತ್ತಿತ್ತು ಅಷ್ಟೇ. ರಾವ್ ಸಾರ್ ಅಪ್ಪಂಗೆ, "ಮುನಿಯಪ್ಪ, ಶನಿವಾರ ಬೆಳಿಗ್ಗೆ ನಾನೇ ಗೇಟ್ ಹತ್ರ ನಿಂತಿರ್ತೀನಿ. ಟೈಮಿಗೆ ಹಾರ್ನ್ ಆಗ್ಬೇಕು. ಗೇಟ್ ಡ್ಯೂಟಿ ಸರಿಯಾಗಿದೆ ಅಂತ ನೋಡ್ಬಿಟ್ಟು ಕಾಗದಕ್ಕೆ ಸೈನ್ ಹಾಕ್ತೀನಿ," ಅಂದಿದ್ರಂತೆ.

ಅಪ್ಪ ಶುಕ್ರವಾರ ಮಧ್ಯಾಹ್ನ ಅದನ್ನ ಟವಲ್ಲಲ್ಲಿ ಸುತ್ಕೊಂಡು ಅಂಗಡಿಗೆ ಬಂದ್ರು. ಸಾಹೇಬ್ರು ನಮಾಜಿಗೆ ಹೋಗಿದ್ರು. ಅಂಗಡೀಲಿ ನಾನೇ ರಾಜ.

"ನಿಮ್ಮ ಸಾಹೇಬ್ರು ಬರ್ಲಿ ಬಿಡೋ," ಅಂದ್ರು ಅಪ್ಪ.

"ಯಾಕೆ, ನಾನಿಲ್ವಾ? ಕೂತ್ಕೊಳಪ್ಪಾ. ನೋಡ್ತಿರು."

ಬಿಚ್ದೆ, ತುಕ್ಕು ಕೆರ್ದೆ, ತಗಡು ಉಜ್ಜಿದೆ, ಚಕ್ರಕ್ಕೆ ಎಣ್ಣೆ ಬಿಟ್ಟೆ. ನಿಜ ಹೇಳ್ತೀನಿ, ಕೆಲ್ಸ ಚೆನ್ನಾಗಿ ಮಾಡ್ದೆ. ಬೀದಿಗೆ ಬಂದು ಬಾರಿಸ್ದೆ. ಮೊದಲ್ನೇ ಸಲಕ್ಕೆ ಪರೋಟ ತಟ್ಟೋನು ತಟ್ಟೋದು ನಿಲ್ಲಿಸ್ದ. ಸ್ಕ್ರೂ ಬಿಗಿ ಮಾಡ್ದೆ. ಎರಡನೇ ಸಲಕ್ಕೆ ಎದುರು ಮನೆ ಕಿಟಕಿ ತೆಗೀತು. ಇನ್ನೂ ಬಿಗಿ ಮಾಡ್ದೆ. ಮೂರನೇ ಸಲಕ್ಕೆ ರಸೆಲ್ ಮಾರ್ಕೆಟ್ ಗಡಿಯಾರ ಎರಡು ನಿಮಿಷ ಮುಂದಕ್ಕೆ ಹೋಯ್ತು ಅಂತ ನಾನು ಎಲ್ರಿಗೂ ಹೇಳ್ತೀನಿ, ನೀನೂ ಹೇಳು.

ಅಪ್ಪನ ಮುಖ ಇಷ್ಟಗಲ ಆಯ್ತು. "ಜೋರಾಗಿದೆ ಕಣೋ. ಸಾಕು," ಅಂದ್ರು.

ಒರೆಸೋ ಬಟ್ಟೆ ಕೈಗೆ ತಗೊಂಡೆ. ಬೆರಳು ಅಭ್ಯಾಸಬಲದಿಂದ ಸ್ಕ್ರೂ ಮೇಲೆ ಹೋಯ್ತು. ಅಪ್ಪ ನನ್ನ ಮುಖಾನೇ ನೋಡ್ತಿದ್ರು. ಅಲ್ಲೇ ಕೈ ನಿಂತೋಯ್ತು. ಪೆರುಮಾಳಂಗೆ ಟೋಪಿ ಹಾಕ್ದಂಗೆ ಅಪ್ಪಂಗೂ ಹಾಕ್ಲಾ? ಬೇರೆಯವರಿಗೆ ಕಾಲು ಸುತ್ತು ಕಮ್ಮಿ ಕೊಡೋಣ, ನಮ್ಮಪ್ಪಂಗೆ ಪೂರ್ತಿ ಕೊಡೋಣ ಅನ್ಸ್ತು. ಅಷ್ಟಕ್ಕೇ ಬಿಟ್ಟಿದ್ರೆ ನಾನು ಸೀನ ಹೆಂಗಾಗ್ತೀನಿ? ಪ್ರೀತಿಗೆ ಅಂತ ಇನ್ನೂ ಕಾಲು ಸುತ್ತು ಮುಂದಕ್ಕೇ ಬಿಗಿದೆ.

ಅಪ್ಪ ಹ್ಯಾಂಡಲ್ ಮುಟ್ಟಿ ನೋಡಿ, "ಸ್ವಲ್ಪ ಬಿಗಿ ಬರ್ತಿದೆಯಲ್ವಾ?" ಅಂದ್ರು.

"ಎಣ್ಣೆ ಹೊಸದಲ್ವಾ, ಹಂಗೇ. ತಿರುಗಿಸ್ತಾ ತಿರುಗಿಸ್ತಾ ಸಲೀಸಾಗುತ್ತೆ."

ಎಷ್ಟು ಸಲೀಸಾಗಿ ಹೇಳ್ಬಿಟ್ಟೆ ನೋಡು.

ಮನೇಲಿ ಅಪ್ಪ ಆ ಹಾರ್ನನ್ನ ಅಮ್ಮನ ಹಳೇ ಸೀರೇಲಿ ಸುತ್ತಿ ತಲೆ ಹತ್ರ ಇಟ್ಕೊಂಡು ಮಲಗಿದ್ರು. "ನೀವು ಮಕ್ಕಳು ಹುಟ್ದಾಗ್ಲೂ ಹಿಂಗೆ ಬೆಚ್ಚಗೆ ಮಲಗಿಸ್ಕೊಂಡಿರ್ಲಿಲ್ಲ ನಿಮ್ಮಪ್ಪ," ಅಂದ್ಳು ಅಮ್ಮ. ಅಪ್ಪ ಏನೋ ಅಂದ್ರು. ಏನು ಅಂತ ಯಾರಿಗೂ ಕೇಳಿಸ್ಲಿಲ್ಲ.

ಶನಿವಾರ ಅಂಗಡಿಗೆ ಲೇಟಾಗಿ ಬರ್ತೀನಿ ಅಂತ ಹೇಳಿ ನಾನೂ ಸೈಕಲ್ ಏರಿ ಅಪ್ಪನ ಜೊತೆ ಹೊರಟೆ. ನನ್ನ ಹಾರ್ನ್ ಕೂಗೋದನ್ನ ನಾನೇ ಕೇಳ್ದೆ ಇನ್ಯಾರು ಕೇಳ್ತಾರೆ? ಹೊಸ ಬೆಲ್‌ಬಾಟಮ್ ಹಾಕಿದ್ದೆ. ಬೈಯಪ್ಪನಹಳ್ಳಿ ದಾಟೋಷ್ಟರಲ್ಲಿ ಅದು ಚೈನಿಗೆ ಎರಡು ಸಲ ಸಿಕ್ಕಾಕ್ಕೊಂಡಿತ್ತು. ಚಳಿ. ಬಾಯಿ ಬಿಟ್ರೆ ಹೊಗೆ.

ಗೇಟ್ ಹತ್ರ ರಾವ್ ಸಾರ್ ಮಫ್ಲರ್ ಸುತ್ಕೊಂಡು ನಿಂತಿದ್ರು, ಕೈಯಲ್ಲಿ ಪುಟ್ಟ ಡೈರಿ. ಎದುರು ಟೀ ಅಂಗಡೀಲಿ ನೂರೈವತ್ತು ಜನ ಇದ್ರು. ಏಳೂ ಇಪ್ಪತ್ತೈದಕ್ಕೆ ಅಪ್ಪ ಸೀರೆ ಬಿಚ್ಚಿ ಕ್ಲಾಕ್ಸನ್ ಎತ್ತಿ ಹ್ಯಾಂಡಲ್ ತಿರುಗಿಸಿದ್ರು.

ಆಆ—ಕ್ಕ್.

ಅಷ್ಟೇ. ಅಪ್ಪ ಮತ್ತೆ ತಿರುಗಿಸಿದ್ರು. ಬರ್ಲಿಲ್ಲ. ಎರಡು ಕೈ ಹಾಕಿದ್ರು, ಮಂಡಿಗೆ ಒತ್ತಿ ಹಿಡಿದು ತಿರುಗಿಸಿದ್ರು. ಹಲ್ಲು ಗುಂಡಿ ಮೇಲೆ ಕಚ್ಕೊಂಡು ಕೂತಿತ್ತು.

ನನಗೆ ಗೊತ್ತಾಯ್ತು. ಆ ಕ್ಷಣಾನೇ ಗೊತ್ತಾಯ್ತು. ಸ್ಕ್ರೂಡ್ರೈವರ್ ಇದ್ದಿದ್ರೆ ಒಂದೇ ನಿಮಿಷದ ಕೆಲ್ಸ. ಬೆಲ್‌ಬಾಟಮ್ ಜೇಬಿಗೆ ಕೈ ಹಾಕಿದೆ, ಬಾಚಣಿಗೆ ಸಿಕ್ತು. ಸ್ಕ್ರೂಡ್ರೈವರ್ ಇರ್ಲಿಲ್ಲ. ಬಾಚಣಿಗೆ ಹಿಡೀನೇ ಸ್ಕ್ರೂಗೆ ಹಾಕಿ ತಿರುಗಿಸ್ದೆ, ಅದು ಪಟಕ್ ಅಂತ ಮುರೀತು. ಟೀ ಅಂಗಡಿ ಕಡೆ ನೋಡಿದ್ರೆ ಯಾರಿಗೂ ಏನೂ ಗೊತ್ತಿಲ್ಲ, ಒಬ್ಬ ಹಾಯಾಗಿ ಇನ್ನೊಂದು ಟೀ ಹೇಳ್ತಿದ್ದ. ರಾವ್ ಸಾರ್ ವಾಚ್ ನೋಡಿ, "ಮುನಿಯಪ್ಪ, ಎರಡು ನಿಮಿಷ ಆಯ್ತು," ಅಂದ್ರು.

ಅಪ್ಪ ಹಾರ್ನ್ ನನ್ನ ಕೈಗೆ ಕೊಟ್ಟು ಗೇಟಿಂದಾಚೆ ಹೋದ್ರು. ರೋಡಿನ ಮಧ್ಯೆ ನಿಂತ್ರು. ಬಾಯಿ ತೆಗೆದ್ರು. ಏನೂ ಬರ್ಲಿಲ್ಲ. ನನಗೆ ಮುಖ ಮುಚ್ಕೋಬೇಕು ಅನ್ಸ್ತು. ಬಸ್ಸಲ್ಲಿ ಸ್ಟಾಪ್ ಅನ್ನೋಕಾಗದ ಮನುಷ್ಯ ಅದು.

ಎರಡೂ ಕೈ ಬಾಯಿ ಹತ್ರ ಇಟ್ಕೊಂಡು ಕತ್ತು ಮೇಲೆತ್ತಿದ್ರು.

"ಬನ್ರೋ...! ಟೈಮಾಯ್ತು ಬನ್ರೋ...!"

ಮಗಾ, ನಾಲ್ಕು ವರ್ಷ ನಾನು ಲಾರಿ ಹಾರ್ನ್ ಕೇಳಿದ್ದೀನಿ, ಬಸ್ ಹಾರ್ನ್ ಕೇಳಿದ್ದೀನಿ. ಇದರಲ್ಲಿ ಒಂದಕ್ಷರಾನೂ ಜಾಸ್ತಿ ಹೇಳ್ತಿಲ್ಲ. ಟೀ ಅಂಗಡಿ ತಗಡಿನ ಮೇಲಿದ್ದ ಕಾಗೆಗಳು ಎದ್ವು. ನೂರೈವತ್ತು ಜನಾನೂ ಒಟ್ಟಿಗೆ ತಿರುಗಿದ್ರು. ಒಬ್ಬ, "ಏಯ್, ಮುನಿಯಪ್ಪಂಗೆ ದನಿ ಇದೆಯೇನ್ರೋ!" ಅಂದ. ಎಲ್ಲ ನಗ್ತಾ ಗ್ಲಾಸ್ ಇಟ್ಟು ಓಡಿ ಬಂದ್ರು. ಏಳೂವರೆವರೆಗೂ ಅಪ್ಪ ಕೂಗ್ತಾನೇ ಇದ್ರು. ಒಬ್ರೂ ಆಚೆ ಉಳೀಲಿಲ್ಲ.

ಗೇಟ್ ಹಾಕಿದ ಮೇಲೆ ರಾವ್ ಸಾರ್ ಕೇಳಿದ್ರು, "ನಿನ್ನೆ ತಾನೇ ರಿಪೇರಿ ಆಯ್ತು ಅಂದ್ಯಲ್ಲ? ಯಾರು ಮಾಡಿದ್ದು?"

ಅಪ್ಪ ನನ್ನ ಕಡೆ ನೋಡ್ಲಿಲ್ಲ. "ಮಾಡಿದೋರು ಸರಿಯಾಗೇ ಮಾಡಿದ್ದಾರೆ ಸಾರ್. ನಾನೇ ಆಚೆ ಇಟ್ಟು ಮರೆತ್ಬಿಟ್ಟಿದ್ದೆ. ಮಂಜಲ್ಲಿ ನೆನೆದಿದೆ," ಅಂದ್ರು. ದನಿ ಆಗ್ಲೇ ಹರಿದೋಗಿತ್ತು.

ಸೀರೆ ಸುತ್ತಿ ತಲೆ ಹತ್ರ ಇಟ್ಕೊಂಡಿದ್ದ ಮನುಷ್ಯ. ನಾನು ಮುರಿದ ಬಾಚಣಿಗೆ ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ದೆ. ಊರಿಗೆಲ್ಲ ಬಾಯಿ ಮಾಡೋನು ನಾನು, ನಾನೇ ಮಾಡಿದ್ದು ಅಂತ ಅನ್ನೋಕೆ ಬಾಯಿ ಬರ್ಲಿಲ್ಲ.

ರಾವ್ ಸಾರ್ ಡೈರೀಲಿ ಏನೋ ಬರ್ಕೊಂಡ್ರು. "ಫ್ಯಾಕ್ಟ್ರಿ ಸಾಮಾನು ಆಚೆ ಬಿಟ್ಟು ಮರೀತೀಯಾ? ಇನ್ನೊಂದಾರು ತಿಂಗಳು ನೋಡೋಣ ಮುನಿಯಪ್ಪ," ಅಂದ್ರು.

ಆ ಹಾರ್ನನ್ನ ವಾಪಸ್ ಅಂಗಡಿಗೆ ತಂದೆ. ಸಾಹೇಬ್ರು ಅಂಗೈ ಇಟ್ಟು, ಹ್ಯಾಂಡಲ್ ಒಂದ್ಸಲ ಅಲ್ಲಾಡಿಸಿ ನೋಡಿದ್ರು. ಒಂದು ಮಾತೂ ಕೇಳೋ ಅವಶ್ಯಕತೆ ಇರ್ಲಿಲ್ಲ, ಆದ್ರೂ ಕೇಳಿದ್ರು. "ಕಾಲು ಸುತ್ತು?"

"ಕೊಡ್ಲಿಲ್ಲ."

"ಯಾಕ್ ಬೇ?"

"ಅಪ್ಪಂಗೆ ಮೋಸ ಮಾಡ್ಬಾರ್ದು ಅಂತ."

ಸಾಹೇಬ್ರಿಗೆ ಕೇಳಿಸ್ಲಿಲ್ಲ ಅನ್ಕೊಂಡು ಜೋರಾಗಿ ಇನ್ನೊಂದ್ಸಲ ಹೇಳಿದೆ. ಕೇಳ್ಸಿತ್ತು. ತಲೆ ಚಚ್ಕೊಂಡ್ರು. "ಹುಚ್ಚಪ್ಪಾ! ಮೋಸ ಅಂದ್ರೆ ಅಂಗಡಿ ಮುಂದೆ ಮೂರು ಸಲ ಬಾರಿಸಿ ತೋರಿಸ್ತೀಯಲ್ಲ, ಅದು. ಗಿರಾಕಿ ಖುಷಿಗೆ ಅದು. ಗಿರಾಕಿ ಮನೆಗೆ ಹೋದ್ಮೇಲೆ ಅವನ ಜೊತೆ ನಾನು ಹೋಗಲ್ಲ, ನೀನು ಹೋಗಲ್ಲ. ಕಾಲು ಸುತ್ತು ಹೋಗುತ್ತೆ. ಎಲ್ರಿಗೂ ಕೊಟ್ಟೆ, ನಿಮ್ಮಪ್ಪಂಗೆ ಕೊಡ್ಲಿಲ್ಲ!"

ಮೂರು ದಿನ ಸಾಹೇಬ್ರು ನನ್ನ ಜೊತೆ ಮಾತಾಡ್ಲಿಲ್ಲ. ನಾಲ್ಕನೇ ದಿನ ರೊಜಾರಿಯೋ ಅಂಕಲ್ ಕಾರಿಲ್ದೆ ನಡ್ಕೊಂಡು ಬಂದ್ರು, ಕೈಯಲ್ಲಿ ಒಂದು ಚೀಟಿ. ನನಗೆ ಉತ್ತರ ಹೇಳೋಕಾಗ್ಲಿಲ್ಲ ಅಂತ ಅವರಿಗೆ ಒಳಗೊಳಗೇ ಅವಮಾನ ಆಗಿತ್ತಂತೆ. ಮಗಳ ಮನೇಲಿ ತಲೆದಿಂಬಿನಷ್ಟು ದಪ್ಪ ಡಿಕ್ಷನರಿ ಹುಡುಕಿ, ನೋಡಿ, ಬರ್ಕೊಂಡು ಬಂದಿದ್ರು. ಕನ್ನಡಕ ಹಾಕ್ಕೊಂಡು ಓದಿ ಹೇಳಿದ್ರು. ಗ್ರೀಕರ ಹಳೇ ಮಾತೊಂದಿದೆಯಂತೆ, ಅದಕ್ಕೆ ಕಿರುಚೋದು, ಗಟ್ಟಿಯಾಗಿ ಕೂಗೋದು ಅಂತ ಅರ್ಥ. ಹಾರ್ನ್ ಕಂಪನಿಯವನು ಅದನ್ನೇ ತಿರುಚಿ ಕಂಪನಿಗೆ ಹೆಸರಿಟ್ನಂತೆ. ಆಮೇಲೆ ಯಾರು ಮಾಡಿದ ಹಾರ್ನಿಗೂ ಜನ ಅದೇ ಹೆಸರು ಕರೆಯೋಕೆ ಶುರು ಮಾಡಿದ್ರಂತೆ.

ಸಾಹೇಬ್ರಿಗೆ ಇದು ಮಾತ್ರ ಸ್ಪಷ್ಟವಾಗಿ ಕೇಳಿಸ್ತು. "ನಾನೇನ್ ಹೇಳ್ದೆ? ಕಂಪನಿ ಹೆಸರು ಅಂತ ಹೇಳ್ಲಿಲ್ವಾ? ನಾಲ್ಕು ವರ್ಷದಿಂದ ಬಡ್ಕೋತಿದ್ದೀನಿ!" ಅಂತ ಬೆಂಚು ಗುದ್ದಿದ್ರು. ನನ್ನ ಜೊತೆ ಮಾತು ಬಿಟ್ಟಿದ್ದೀನಿ ಅನ್ನೋದೂ ಮರ್ತೋಯ್ತು ಅವರಿಗೆ.

ಈಗ ಕಾಲ ಬದಲಾಗ್ತಿದೆ. ಡಬ್ಬೀಲಿ ಹೊಸ ಹಾರ್ನ್ ಬರುತ್ತೆ, ಸ್ಕ್ರೂ ಮೇಲೆ ಮೇಣ ಹಚ್ಚಿ ಮುಚ್ಚಿರ್ತಾರೆ, ಮುಟ್ಟೋ ಹಂಗಿಲ್ಲ. ಕೆಟ್ರೆ ಬಿಸಾಕಿ ಇನ್ನೊಂದು ತಗೋ ಅಂತಾರೆ. ಸಾಹೇಬ್ರು ಅದನ್ನ ಅಂಗೈಯಲ್ಲಿ ಹಿಡಿದು ನೋಡಿ, "ಇದಕ್ಕೆ ನಾಡೀನೇ ಸಿಗಲ್ಲ," ಅಂತ ಗೊಣಗ್ತಾರೆ. ನನಗೆ ಟರ್ನರ್ ಟ್ರೇನಿಂಗಿಗೆ ಸೀಟ್ ಸಿಕ್ತು, ರಿಟೈರಾದೆ. ಅಪ್ಪಂಗೆ ಪರ್ಮನೆಂಟ್ ಕಾಗದ ಬಂತು. ಆರು ತಿಂಗಳು ತಡವಾಗಿ, ಮಧ್ಯೆ ಇನ್ನೊಂದು ಬ್ರೇಕ್ ಕೂತ್ಕೊಂಡು.

ಆ ಬ್ರೇಕ್ ದಿನದ್ದು ಹೇಳಿ ಮುಗಿಸ್ತೀನಿ. ಹಾರ್ನ್ ಕೈಕೊಟ್ಟ ಮುಂದಿನ ವಾರಾನೇ ಬಂತು ಅದು. ಸಂಜೆ ಅಂಗಡಿಯಿಂದ ಬಂದ್ರೆ, ಅಪ್ಪ ಇಸ್ತ್ರಿ ಖಾಕಿ ಹಾಕ್ಕೊಂಡು ಬಾಗಿಲ ಹತ್ರ ಸ್ಟೂಲ್ ಮೇಲೆ ಕೂತಿದ್ರು. ಗಂಟಲು ಇನ್ನೂ ಸರಿಹೋಗಿರ್ಲಿಲ್ಲ. ಕುತ್ತಿಗೆಗೆ ಅಮ್ಮ ಅರಿಶಿನದ ಪಟ್ಟು ಹಾಕಿದ್ಳು. "ಮೊದ್ಲೇ ಕೇಳಿಸ್ತಿರ್ಲಿಲ್ಲ, ಈಗಂತೂ ದೇವರೇ ಗತಿ," ಅಂತ ಒಳಗೆ ಪಾತ್ರೆ ಕುಕ್ತಿದ್ಳು. ಈ ಸಲ ನನಗೆ ನಗು ಬರ್ಲಿಲ್ಲ.

ಸರಿಮಾಡಿದ ಕ್ಲಾಕ್ಸನ್ನನ್ನ ಅವರ ತೊಡೆ ಮೇಲಿಟ್ಟೆ. ನಾನೇ ಮಾಡಿದ್ದು ಅಂತ ಹೇಳ್ಬೇಕು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡ್ಕೊಂಡು ಬಂದಿದ್ದೆ. ಬಾಯಿಗೆ ಬಂದಿದ್ದೇ ಬೇರೆ.

"ಅಪ್ಪಾ, ಇದರ ಹೆಸರಿಗೆ ಅರ್ಥ ಸಿಕ್ತು. ಗಟ್ಟಿಯಾಗಿ ಕೂಗೋದು ಅಂತ."

ಅಪ್ಪ ಹಿತ್ತಾಳೆ ಪಟ್ಟಿ ಮೇಲೆ ಹೆಬ್ಬೆರಳು ಸವರಿದ್ರು. ಹ್ಯಾಂಡಲ್ ಮೆಲ್ಲಗೆ ಒಂದು ಸುತ್ತು ತಿರುಗಿಸಿ ನೋಡಿದ್ರು. ಸಲೀಸಾಗಿ ಬಂತು. ನನ್ನನ್ನ ಹತ್ರ ಕರೆದು, ನನ್ನ ಬಲಗಿವಿ ಹತ್ರ, ಕೇಳ್ಸೋ ಕಿವಿ ಹತ್ರ ಬಾಯಿ ತಂದು, ಇದ್ದಷ್ಟು ದನೀಲಿ ಕೇಳಿದ್ರು:

"ಈ ಸಲ ನನಗೂ ಕೊಟ್ಯೇನೋ, ಕಾಲು ಸುತ್ತು?"

ಇಷ್ಟು ದಿನ ಗೊತ್ತಿತ್ತು ಅವರಿಗೆ. ಹೂಂ ಅಂದೆ. ಕಾಲಲ್ಲ ಮಗಾ, ಭಯಕ್ಕೆ ಅರ್ಧ ಸುತ್ತು ಕೊಟ್ಟಿದ್ದೆ. ಸೈರನ್ ಮೋಟ್ರು ರಿಪೇರಿ ಆಗಿ ಬರೋವರೆಗೂ ಆ ಫ್ಯಾಕ್ಟ್ರಿ ಗೇಟಲ್ಲಿ ಅದು ನೆಗಡಿ ಆದ ಮೇಕೆ ಥರ ಕೂಗ್ತಿತ್ತು. ಆದ್ರೆ ದಿನಾ ಕೂಗ್ತು.